48 ಲಕ್ಷದ ಲೆಕ್ಕ: ದೊಡ್ಡ ಕಂಪನಿಯ ಎಂಜಿನಿಯರ್ ಒಬ್ಬರ ಪ್ರಕರಣ

ಈ ಪ್ರಕರಣದಲ್ಲಿ ಯಾರ ಕೆಲಸವೂ ಹೋಗಿಲ್ಲ, ಕೆಲಸದ ಒತ್ತಡಕ್ಕೆ ಯಾರೂ ಆಸ್ಪತ್ರೆ ಸೇರಿಲ್ಲ, ಯಾರೂ ರಾಜೀನಾಮೆ ಬಿಸಾಕಿ ಊರಿಗೆ ಹೋಗಿ ತೋಟ ಮಾಡಲಿಲ್ಲ. ಒಳ್ಳೆಯ ಸಂಬಳ, ಹೆಸರಿರುವ ಕಂಪನಿ, ಸಭ್ಯ ಮ್ಯಾನೇಜರ್. ಆದರೂ ಒಬ್ಬ ಎಂಜಿನಿಯರ್ ಒಂದೂವರೆ ವರ್ಷ ‘ಇರಲೋ, ಬಿಡಲೋ’ ಎಂದು ಒದ್ದಾಡಿದರು. ಬೆಂಗಳೂರಿನ ದೊಡ್ಡ ಟೆಕ್ ಕಂಪನಿಗಳಲ್ಲಿ ಇಂಥವರೇ ಹೆಚ್ಚು. ಆದರೆ ನಮಗೆ ಓದಲು ಸಿಗುವುದು ಒಂದೋ ಕೆಲಸ ಕಳೆದುಕೊಂಡವರ ಕಥೆ, ಇಲ್ಲವೇ ಕೋಟಿ ಸಂಬಳದವರ ಕಥೆ.

ಅವರನ್ನು ಇಲ್ಲಿ ಸಹನಾ ಎಂದು ಕರೆಯುತ್ತೇನೆ. ಹೆಸರು, ಊರು, ತಂಡದ ಕೆಲಸದ ವಿವರಗಳನ್ನು ಗುರುತು ಸಿಗದಂತೆ ಬದಲಿಸಿದ್ದೇನೆ. ಮೊತ್ತಗಳನ್ನು ಸುಮಾರಾಗಿ ದುಂಡಗೆ ಮಾಡಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ಕಿರಿಯ ಎಂಜಿನಿಯರ್‌ಗಳು ಕೆಲಸದ ವಿಚಾರ ಮಾತಾಡಲು ಸೇರುವ ಸಣ್ಣ ಗುಂಪೊಂದರಲ್ಲಿ ನನಗೆ ಅವರ ಪರಿಚಯವಾಯಿತು.

ಹಿನ್ನೆಲೆ

ಸಹನಾ ಅಡಿಕೆ ಬೆಳೆಯುವ ತಾಲ್ಲೂಕೊಂದರವರು. ವಿಟಿಯು ಕಾಲೇಜೊಂದರಲ್ಲಿ ಕಂಪ್ಯೂಟರ್ ಸೈನ್ಸ್ ಓದಿ, ಕ್ಯಾಂಪಸ್‌ನಲ್ಲೇ ಬೇರೆ ಕಂಪನಿಗಳ ಸಾಫ್ಟ್‌ವೇರ್ ಕೆಲಸ ಮಾಡಿಕೊಡುವ ಸರ್ವಿಸ್ ಕಂಪನಿಗೆ ಆಯ್ಕೆಯಾಗಿ ಎಲೆಕ್ಟ್ರಾನಿಕ್ ಸಿಟಿ ಸೇರಿದರು. ಅಲ್ಲಿ ಐದು ವರ್ಷ. ಕ್ಲೈಂಟ್ ಕಳಿಸಿದ ಟಿಕೆಟ್ (ದೂರು, ಕೋರಿಕೆ) ಮುಚ್ಚುವುದು, ಟೈಮ್‌ಶೀಟ್ ತುಂಬುವುದು, ಪ್ರಾಜೆಕ್ಟ್ ಮುಗಿದ ಮೇಲೆ ಮುಂದಿನದು ಸಿಗುವವರೆಗೆ ಬೆಂಚಿನಲ್ಲಿ ಕೂರುವುದು. 2022ರ ಆರಂಭದಲ್ಲಿ, ಕಂಪನಿಗಳು ಪೈಪೋಟಿಗೆ ಬಿದ್ದು ಜನರನ್ನು ಸೇರಿಸಿಕೊಳ್ಳುತ್ತಿದ್ದ ಹೊತ್ತಿನಲ್ಲಿ, ಔಟರ್ ರಿಂಗ್ ರಸ್ತೆಯಲ್ಲಿ ಕಚೇರಿಯಿರುವ ಅಮೆರಿಕದ ದೊಡ್ಡ ಟೆಕ್ ಕಂಪನಿಯೊಂದಕ್ಕೆ ಬಂದರು. ಸಂಬಳ ಒಮ್ಮೆಗೇ ಎರಡು ಪಟ್ಟಿಗಿಂತ ಹೆಚ್ಚಾಯಿತು. ಜೊತೆಗೆ ನಾಲ್ಕು ವರ್ಷಗಳಲ್ಲಿ ಕಂತುಕಂತಾಗಿ ಕೈಸೇರುವ ಷೇರು.

ಮೊದಲ ಎರಡು ವರ್ಷದ ಬಗ್ಗೆ ಕೇಳಿದರೆ ಈಗಲೂ ಅವರ ದನಿ ಬದಲಾಗುತ್ತದೆ. ಮೊದಲು ಬರೆದ ಸಣ್ಣ ಕೋಡ್ ಬದಲಾವಣೆಗೆ ಪುಟದುದ್ದ ಕಾಮೆಂಟ್ ಬಂದವಂತೆ. ಅವಮಾನವಾಯಿತೆಂದು ಆ ರಾತ್ರಿ ಅತ್ತು, ಬೆಳಿಗ್ಗೆ ಮತ್ತೆ ಓದಿದಾಗ ಒಂದೂ ತನ್ನ ಮೇಲಿನದಲ್ಲ, ಎಲ್ಲವೂ ಕೋಡಿನ ಮೇಲಿನದು ಎಂದು ಗೊತ್ತಾಯಿತು. ಏನನ್ನೇ ಕಟ್ಟುವ ಮೊದಲು ಏಕೆ, ಹೇಗೆ, ಬೇರೆ ದಾರಿ ಯಾವುದಿತ್ತು ಎಂದು ಡಿಸೈನ್ ಡಾಕ್ ಬರೆಯಬೇಕು. ಹೊಸ ಕೋಡ್ ಎಲ್ಲರಿಗೂ ಒಮ್ಮೆಗೇ ಹೋಗುವುದಿಲ್ಲ. ಮೊದಲು ನೂರಕ್ಕೆ ಒಬ್ಬರಿಗೆ ಬಿಟ್ಟು, ಗ್ರಾಫ್ ನೋಡಿ, ಆಮೇಲೆ ಹತ್ತು, ಐವತ್ತು. ಸೇವೆ ಕೆಟ್ಟು ನಿಂತರೆ ಬರೆಯುವ ಪೋಸ್ಟ್‌ಮಾರ್ಟಮ್‌ನಲ್ಲಿ ಯಾರು ತಪ್ಪು ಮಾಡಿದರು ಎಂದು ಬರೆಯುವಂತಿಲ್ಲ, ಆ ತಪ್ಪನ್ನು ವ್ಯವಸ್ಥೆ ಏಕೆ ತಡೆಯಲಿಲ್ಲ ಎಂದು ಬರೆಯಬೇಕು. ಹಳೆಯ ಕಂಪನಿಯಲ್ಲಿ ಪ್ರೊಡಕ್ಷನ್‌ನಲ್ಲಿ (ಗ್ರಾಹಕರು ಬಳಸುತ್ತಿರುವ ವ್ಯವಸ್ಥೆಯಲ್ಲಿ) ಏನಾದರೂ ಕೆಟ್ಟರೆ ಮೊದಲ ಪ್ರಶ್ನೆ ‘ಯಾರು ಮಾಡಿದ್ದು?’ ಎಂದೇ ಇರುತ್ತಿತ್ತು. ಈ ಒಂದು ವ್ಯತ್ಯಾಸಕ್ಕಾಗಿಯೇ ಹೊಸಬರು ಎರಡು ವರ್ಷವಾದರೂ ತನ್ನದೇ ಸಾಫ್ಟ್‌ವೇರ್ ಕಟ್ಟುವ ದೊಡ್ಡ ಪ್ರಾಡಕ್ಟ್ ಕಂಪನಿಯಲ್ಲಿ ಇರಬೇಕು ಎನ್ನುವವನು ನಾನು.

ಕೆಲಸದಾಚೆಯ ಅನುಕೂಲಗಳೂ ಸಣ್ಣವಲ್ಲ. 2023ರಲ್ಲಿ ಹೆರಿಗೆಯಾದಾಗ 26 ವಾರಗಳ ಸಂಬಳಸಹಿತ ರಜೆಯನ್ನು ಯಾರ ಮುಖವನ್ನೂ ನೋಡದೆ ತೆಗೆದುಕೊಂಡರು. ಇದು 2017ರ ತಿದ್ದುಪಡಿಯ ನಂತರ ಕಾನೂನೇ ಕೊಟ್ಟಿರುವ ಹಕ್ಕು. ಆದರೆ ಹಕ್ಕಿರುವುದು ಬೇರೆ, ಕೇಳಿದಾಗ ಎದುರಿನವರು ಹುಬ್ಬು ಗಂಟಿಕ್ಕದಿರುವುದು ಬೇರೆ. ಅದರ ಮರುವರ್ಷ ಅಪ್ಪನಿಗೆ ಹೃದಯದ ಆಪರೇಷನ್ ಆಯಿತು. ಕಂಪನಿಯ ವಿಮೆ ತಂದೆ-ತಾಯಿಯನ್ನೂ ಒಳಗೊಂಡಿದ್ದರಿಂದ ತೋಟ ಅಡವಿಡುವ ಮಾತು ಬರಲಿಲ್ಲ. ಕನಕಪುರ ರಸ್ತೆಯಲ್ಲಿ ಫ್ಲ್ಯಾಟ್ ಕೊಳ್ಳುವಾಗ ಬ್ಯಾಂಕಿನವರು ಸ್ಯಾಲರಿ ಸ್ಲಿಪ್ಪಿನ ಮೇಲಿನ ಹೆಸರು ನೋಡಿಯೇ ಕಾಫಿ ತರಿಸಿದರಂತೆ.

ತೊಡಕು

ಮೂರನೆಯ ವರ್ಷಕ್ಕೆ ಬರುವ ಹೊತ್ತಿಗೆ ಬೇರೊಂದು ಚಿತ್ರ ಕಾಣತೊಡಗಿತು. ಸಹನಾ ಅವರ ತಂಡ ಪಾವತಿ ದಾಖಲೆಗಳನ್ನು ತಾಳೆ ನೋಡುವ ವ್ಯವಸ್ಥೆಯೊಂದನ್ನು ನೋಡಿಕೊಳ್ಳುತ್ತಿತ್ತು. ಅದನ್ನು ಕಟ್ಟಿದವರು ಅಮೆರಿಕದ ಪಶ್ಚಿಮ ಕರಾವಳಿಯಲ್ಲಿದ್ದರು. ಮುಂದೆ ಅದು ಏನಾಗಬೇಕು ಎಂದು ತೀರ್ಮಾನಿಸುವ ಡೈರೆಕ್ಟರ್, ಪ್ರಾಡಕ್ಟ್ ಮ್ಯಾನೇಜರ್, ಹಿರಿಯ ಎಂಜಿನಿಯರ್‌ಗಳು ಎಲ್ಲರೂ ಅಲ್ಲೇ. ಬೆಂಗಳೂರಿನ ಆರು ಜನರ ಪಾಲಿಗೆ ಬಂದದ್ದು ಹಳೆಯ ಡೇಟಾವನ್ನು ಹೊಸ ಜಾಗಕ್ಕೆ ಸಾಗಿಸುವುದು, ಲೈಬ್ರರಿ ಆವೃತ್ತಿ ಏರಿಸುವುದು, ಸರದಿಯಂತೆ ಆನ್-ಕಾಲ್ ಇರುವುದು (ಯಾವ ಹೊತ್ತಿನಲ್ಲಿ ಸೇವೆ ಕೆಟ್ಟರೂ ಎದ್ದು ಸರಿಪಡಿಸುವ ಹೊಣೆ). ಕೆಲಸ ಕಡಿಮೆಯೇನಿರಲಿಲ್ಲ.

ವಾರಕ್ಕೆ ಮೂರು ರಾತ್ರಿ ಮೀಟಿಂಗ್. ಅಲ್ಲಿನ ಬೆಳಿಗ್ಗೆ ಒಂಬತ್ತು ಎಂದರೆ ಬೇಸಿಗೆಯಲ್ಲಿ ಇಲ್ಲಿ ರಾತ್ರಿ ಒಂಬತ್ತೂವರೆ. ನವೆಂಬರ್‌ನಲ್ಲಿ ಅವರು ಗಡಿಯಾರ ಹಿಂದಕ್ಕಿಟ್ಟರೆ ಇಲ್ಲಿ ಹತ್ತೂವರೆ. ಮಗು ಮಲಗುವ ಹೊತ್ತಿಗೆ ಸರಿಯಾಗಿ ಅಮ್ಮ ಹೆಡ್‌ಫೋನ್ ಹಾಕಿಕೊಳ್ಳುತ್ತಿದ್ದರು. ಒಂದು ರಾತ್ರಿ ಗಂಡ ಕೇಳಿದರು:

“ಒಂದು ಗಂಟೆ ಮೀಟಿಂಗ್‌ನಲ್ಲಿ ನೀನು ಮಾತಾಡೋದು ಎಷ್ಟು ನಿಮಿಷ?”

“ಎರಡೋ ಮೂರೋ.”

“ಹಾಗಾದ್ರೆ ಅದನ್ನ ಬರ್ದು ಕಳ್ಸಕ್ಕಾಗಲ್ವಾ?”

ಬರೆದು ಕಳಿಸಬಹುದಿತ್ತು. ಆದರೆ ಮೀಟಿಂಗ್‌ನಲ್ಲಿ ಮುಖ ಕಾಣದಿದ್ದರೆ ಹೆಸರೂ ಕಾಣುವುದಿಲ್ಲ ಎಂಬ ಭಯ. ಆ ಭಯ ಸುಳ್ಳಲ್ಲ ಎಂಬುದನ್ನು ಪ್ರಮೋಷನ್ ನಡೆಯುವ ರೀತಿ ನೋಡಿದರೆ ಗೊತ್ತಾಗುತ್ತದೆ. ದೊಡ್ಡ ಕಂಪನಿಗಳಲ್ಲಿ ಸಾಮಾನ್ಯವಾಗಿ ನಿಮ್ಮ ಮ್ಯಾನೇಜರ್ ಒಬ್ಬರೇ ನಿಮಗೆ ಬಡ್ತಿ ಕೊಡಲಾರರು. ಅವರು ನಿಮ್ಮ ಪರ ಕಡತ ಸಿದ್ಧಪಡಿಸುತ್ತಾರೆ. ಕ್ಯಾಲಿಬ್ರೇಷನ್ ಎಂಬ ಸಭೆಯಲ್ಲಿ ಹಲವು ಮ್ಯಾನೇಜರ್‌ಗಳು ಕೂತು ಎಲ್ಲರ ಎಂಜಿನಿಯರ್‌ಗಳನ್ನು ಒಟ್ಟಿಗೆ ತೂಗುತ್ತಾರೆ. ಆ ಕೋಣೆಯಲ್ಲಿ ‘ಹೌದು, ಈಕೆಯ ಕೆಲಸ ನಾನೂ ನೋಡಿದ್ದೇನೆ’ ಎನ್ನುವ ಇನ್ನೊಂದು ದನಿ ಬೇಕು. ಸಹನಾ ಅವರ ಕಡತ ಎರಡು ಸಲ ವಾಪಸ್ ಬಂತು. ಎರಡು ಸಲವೂ ಕಾರಣ ಒಂದೇ: ಕೆಲಸದ ಗುಣಮಟ್ಟ ಚೆನ್ನಾಗಿದೆ, ಸ್ಕೋಪ್ (ಕೆಲಸದ ವ್ಯಾಪ್ತಿ) ಸಾಲದು. ಆವೃತ್ತಿ ಏರಿಸುವ ಕೆಲಸ ಕೊಟ್ಟು ಸ್ಕೋಪ್ ಸಾಲದು ಎನ್ನುವುದು ನನಗೆ ಅನ್ಯಾಯವೆಂದೇ ಕಾಣುತ್ತದೆ. ಆದರೆ ಅದು ಯಾರೋ ಒಬ್ಬರ ಕುತಂತ್ರವಲ್ಲ. ತೀರ್ಮಾನ ಒಂದು ಕಡೆ, ಕೆಲಸ ಇನ್ನೊಂದು ಕಡೆ ಇರುವ ಏರ್ಪಾಡಿನಲ್ಲಿ ಹೀಗೆ ಆಗದಿದ್ದರೇ ಆಶ್ಚರ್ಯ.

ಬೆಂಗಳೂರಿಗೆ ಇದು ಹೊಸ ಮಾತಲ್ಲ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿಗೆ ಬಂದದ್ದು 1985ರಲ್ಲಿ. ಅಂದಿನಿಂದ ವಿದೇಶಿ ಕಂಪನಿಗಳ ಸ್ವಂತ ಕೇಂದ್ರಗಳು ಬೆಳೆಯುತ್ತಲೇ ಇವೆ. ಈಗ ಅವಕ್ಕೆ ಜಿಸಿಸಿ (ಗ್ಲೋಬಲ್ ಕೆಪಬಿಲಿಟಿ ಸೆಂಟರ್) ಎಂಬ ಹೆಸರು. 2024ರ ನವೆಂಬರ್‌ನಲ್ಲಿ ರಾಜ್ಯ ಸರ್ಕಾರ ಇವುಗಳಿಗೆಂದೇ ಒಂದು ನೀತಿ ಹೊರಡಿಸಿತು. 2029ರೊಳಗೆ ಇನ್ನೂ 500 ಕೇಂದ್ರ, 3.5 ಲಕ್ಷ ಉದ್ಯೋಗ ಎಂಬುದು ಅದರ ಗುರಿ. ಉದ್ಯೋಗವನ್ನು ಎಣಿಸಬಹುದು. ಅದರಲ್ಲಿ ಎಷ್ಟು ಮೇಜುಗಳ ಮೇಲೆ ತೀರ್ಮಾನವಾಗುತ್ತದೆ ಎಂದು ಎಣಿಸುವುದು ಕಷ್ಟ, ಆದರೆ ಎಂಜಿನಿಯರ್ ಒಬ್ಬರ ಹತ್ತು ವರ್ಷವನ್ನು ರೂಪಿಸುವುದು ಅದೇ.

ಮಾಡಿ ನೋಡಿದ್ದು

ಮೊದಲ ಪ್ರಯತ್ನಕ್ಕೆ ದಾರಿ ತೋರಿದವರು ಮ್ಯಾನೇಜರ್. ಎಲ್ಲರ ಕಣ್ಣಿಗೆ ಬೀಳುವ ಕೆಲಸ ಹಿಡಿ ಎಂದರು. ತಾಳೆಯಾಗದ ಪಾವತಿಗಳನ್ನು ನಾಲ್ಕು ತಂಡಗಳು ನಾಲ್ಕು ಕಡೆ ನೋಡುತ್ತಿದ್ದವು. ಅವನ್ನು ಒಂದೇ ಕಡೆ ತೋರಿಸುವ ಡ್ಯಾಶ್‌ಬೋರ್ಡ್‌ನ ಹೊಣೆ ಸಹನಾ ಅವರದಾಯಿತು. ಏಳು ತಿಂಗಳ ಕೆಲಸ. ಮುಗಿಯುವ ಹೊತ್ತಿಗೆ ರೀಆರ್ಗ್ (ತಂಡಗಳ ಮರುಹಂಚಿಕೆ) ಆಗಿ ಆ ನಾಲ್ಕರಲ್ಲಿ ಎರಡು ತಂಡಗಳು ಬೇರೆ ವಿಭಾಗಕ್ಕೆ ಹೋದವು. ಡ್ಯಾಶ್‌ಬೋರ್ಡ್ ಇತ್ತು, ಬಳಸುವವರು ಇರಲಿಲ್ಲ. ಎರಡನೆಯ ಸಲ ಕಡತ ವಾಪಸ್ ಬಂದದ್ದು ಇದಾದ ಮೇಲೆ.

ಆಮೇಲೆ ಹೊರಗೆ ಇಂಟರ್‌ವ್ಯೂ ಕೊಡತೊಡಗಿದರು. ಈ ಪ್ರಕರಣದ ಮೊದಲ ತಿರುವು ಇಲ್ಲಿದೆ. ಹಣಕಾಸು ಕ್ಷೇತ್ರದ ಸಣ್ಣ ಕಂಪನಿಯೊಂದರ ಸಿಸ್ಟಮ್ ಡಿಸೈನ್ ಸುತ್ತು. ಎದುರಿಗಿದ್ದ ಎಂಜಿನಿಯರ್ ಇವರಿಗಿಂತ ನಾಲ್ಕೈದು ವರ್ಷ ಚಿಕ್ಕವನು.

“ನೆಟ್‌ವರ್ಕ್ ಕೈಕೊಟ್ಟು ಒಂದೇ ಪಾವತಿ ಎರಡು ಸಲ ಬಂತು ಅಂದ್ಕೊಳ್ಳಿ. ಗ್ರಾಹಕರ ಹಣ ಎರಡು ಸಲ ಕಡಿತ ಆಗದ ಹಾಗೆ ಹೇಗೆ ನೋಡ್ಕೋತೀರಿ?”

“ನಮ್ಮಲ್ಲಿ ಅದನ್ನ ಕ್ಯೂ ಸರ್ವಿಸೇ ನೋಡ್ಕೊಳ್ಳತ್ತೆ.”

“ಆ ಸರ್ವಿಸ್ ಇಲ್ಲ ಅಂದ್ಕೊಳ್ಳಿ ಮೇಡಂ. ಆಗ?”

ಕ್ಯೂ ಸರ್ವಿಸ್ ಎಂದರೆ ಸಂದೇಶಗಳನ್ನು ಸಾಲಿನಲ್ಲಿಟ್ಟು ಮುಂದಕ್ಕೆ ಕೊಡುವ, ಕಂಪನಿಯ ಒಳಗಿನ ಸೇವೆ. ಅದಿಲ್ಲದಿದ್ದರೂ ಉತ್ತರ ಕಷ್ಟದ್ದಲ್ಲ. ಪ್ರತಿ ಪಾವತಿಗೂ ಕಳಿಸುವವರ ಕಡೆಯಿಂದಲೇ ಒಂದು ವಿಶಿಷ್ಟ ಗುರುತು; ಆ ಗುರುತನ್ನು ಬರೆದಿಡುವುದೂ ಹಣ ಕಡಿತದ ದಾಖಲೆಯೂ ಡೇಟಾಬೇಸ್‌ನ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಆಗಬೇಕು; ಅದೇ ಗುರುತು ಮತ್ತೆ ಬಂದರೆ ಮೊದಲ ಸಲದ ಫಲಿತಾಂಶವನ್ನೇ ಹಿಂದಿರುಗಿಸಬೇಕು. ಸಹನಾ ಅದನ್ನು ಓದಿರಲಿಲ್ಲ ಎಂದಲ್ಲ. ಆದರೆ ಪಾವತಿಯ ಕೆಲಸದಲ್ಲೇ ಮೂರು ವರ್ಷ ಇದ್ದೂ ಸ್ವಂತ ಕೈಯಿಂದ ಒಮ್ಮೆಯೂ ಮಾಡಿರಲಿಲ್ಲ, ಮಾಡುವ ಅಗತ್ಯವೇ ಬಿದ್ದಿರಲಿಲ್ಲ. ದೊಡ್ಡ ಕಂಪನಿಯ ಒಳಗಿನ ಸಲಕರಣೆಗಳು ಅಷ್ಟು ಚೆನ್ನಾಗಿರುತ್ತವೆ. ಒಂದು ಕಾನ್ಫಿಗ್ ಫೈಲ್ ಬರೆದರೆ ಸಾಕು, ಕೆಳಗಿನ ನೂರು ತಲೆನೋವು ಇನ್ನಾವುದೋ ತಂಡದ್ದು. ಅನುಕೂಲವೂ ಅದೇ, ಅನನುಕೂಲವೂ ಅದೇ. ಆ ಸಂದರ್ಶನದಲ್ಲಿ ಅವರು ಆಯ್ಕೆಯಾಗಲಿಲ್ಲ.

“ಪ್ರಮೋಷನ್ ಸಿಗ್ಲಿಲ್ಲ ಅಂತ ಬೇಜಾರಿತ್ತು. ಆ ದಿನ ಬೇರೆ ಥರದ ಹೆದರಿಕೆ ಆಯ್ತು” ಎಂದು ಗುಂಪಿನಲ್ಲಿ ಹೇಳಿದ್ದು ನೆನಪಿದೆ. ಇನ್ನೈದು ವರ್ಷ ಅಲ್ಲೇ ಇದ್ದರೆ ಆ ಕಂಪನಿಯ ಒಳಗೆ ಮಾತ್ರ ಚಲಾವಣೆಯಾಗುವ ಎಂಜಿನಿಯರ್ ಆಗಿಬಿಡುತ್ತೇನೆ ಎಂಬ ಹೆದರಿಕೆ. ನಾಲ್ಕು ತಿಂಗಳು ಬೆಳಿಗ್ಗೆ ಐದಕ್ಕೆ ಎದ್ದು ಓದಿದರು. 2025ರ ಮಧ್ಯಭಾಗದಲ್ಲಿ ಎಚ್‌ಎಸ್‌ಆರ್ ಲೇಔಟ್‌ನ ನಲವತ್ತು ಜನರ ಸ್ಟಾರ್ಟಪ್ ಒಂದರಿಂದ ಆಫರ್ ಬಂತು.

ಲೆಕ್ಕ

ಆಫರ್ ಕೈಯಲ್ಲಿ ಹಿಡಿದು ಅವರು ಮೊದಲು ಆಡಿದ ಮಾತು: “ಬಿಟ್ರೆ 48 ಲಕ್ಷ ಹೋಗತ್ತೆ.” ಇನ್ನೂ ವೆಸ್ಟ್ ಆಗದ, ಅಂದರೆ ಕೈಸೇರದ, ಷೇರುಗಳ ಅಂದಿನ ಬೆಲೆ ಅದು. ಷೇರು ಕೊಡುವ ಕಂಪನಿಗಳ ಎಂಜಿನಿಯರ್‌ಗಳಿಗೆಲ್ಲ ಇಂಥ ಒಂದು ಅಂಕಿ ಬಾಯಿಪಾಠವಾಗಿರುತ್ತದೆ. ಬ್ರೋಕರೇಜ್ ಆ್ಯಪ್ ತೆರೆದರೆ ಮೊದಲು ಕಣ್ಣಿಗೆ ಬೀಳುವುದೇ ಅದು. ಆ ಅಂಕಿಯನ್ನು ಕಾಗದದ ಮೇಲೆ ಬಿಡಿಸಿ ನೋಡಿದ್ದು ಈ ಪ್ರಕರಣದ ಎರಡನೆಯ ತಿರುವು.

48 ಲಕ್ಷ ಒಂದೇ ದಿನ ಬರುವ ಹಣವಲ್ಲ. ಮೊದಲ ವರ್ಷ 22, ಎರಡನೆಯ ವರ್ಷ 16, ಮೂರನೆಯ ವರ್ಷ 10 ಲಕ್ಷ. ಇಳಿಯುತ್ತಾ ಹೋಗಲು ಕಾರಣ, ಸೇರುವಾಗ ಕೊಟ್ಟ ದೊಡ್ಡ ಗ್ರಾಂಟ್ (ಷೇರುಗಳ ಗಂಟು) 2026ಕ್ಕೆ ಮುಗಿಯುತ್ತಿತ್ತು. ಉಳಿದದ್ದು ವರ್ಷವರ್ಷ ಕೊಟ್ಟ ಸಣ್ಣ ಗ್ರಾಂಟ್‌ಗಳು. ನಾಲ್ಕು ವರ್ಷ ಮುಗಿದ ಮೇಲೆ ಒಟ್ಟು ಆದಾಯ ಕುಸಿಯುವುದನ್ನು ಬಹಳ ಜನ ಮುಂಚೆ ಲೆಕ್ಕ ಹಾಕುವುದೇ ಇಲ್ಲ, ಅದೇ ಆದಾಯ ನಂಬಿ ಇಎಂಐ ಹಾಕಿಸಿಕೊಂಡಿರುತ್ತಾರೆ.

ಇನ್ನು ತೆರಿಗೆ. ಷೇರು ವೆಸ್ಟ್ ಆದ ದಿನದ ಬೆಲೆ ಸಂಬಳಕ್ಕೆ ಸೇರುತ್ತದೆ. ತೆರಿಗೆಗೊಳಪಡುವ ಆದಾಯ 50 ಲಕ್ಷ ದಾಟಿದರೆ ತೆರಿಗೆಯ ಮೇಲೆ 10% ಸರ್‌ಚಾರ್ಜ್, ಅದರ ಮೇಲೆ 4% ಸೆಸ್. ಮೇಲಿನ ಹಂತದ ರೂಪಾಯಿಯಲ್ಲಿ 34 ಪೈಸೆಗಿಂತ ಹೆಚ್ಚು ತೆರಿಗೆಗೇ ಹೋಗುತ್ತದೆ. ಈಗಿನ ಕಂಪನಿಯಲ್ಲಿ ಸಂಬಳ, ಬೋನಸ್ ಸೇರಿ 43 ಲಕ್ಷ ನಗದು, 22 ಲಕ್ಷದ ಷೇರು, ಒಟ್ಟು 65. 2025-26ರ ಹೊಸ ತೆರಿಗೆ ಪದ್ಧತಿಯಲ್ಲಿ ಸುಮಾರು 17.25 ಲಕ್ಷ ತೆರಿಗೆ, ಕೈಗೆ 47.75. ಸ್ಟಾರ್ಟಪ್ ಕೊಡುತ್ತಿದ್ದದ್ದು 46 ಲಕ್ಷ, ಎಲ್ಲವೂ ನಗದು. ಅದು 50ರ ಕೆಳಗಿರುವುದರಿಂದ ಸರ್‌ಚಾರ್ಜ್ ಇಲ್ಲ, 9.75 ಲಕ್ಷ ತೆರಿಗೆ, ಕೈಗೆ 36.25. ಮೊದಲ ವರ್ಷದ ನಿಜವಾದ ವ್ಯತ್ಯಾಸ 11.5 ಲಕ್ಷ. ಎರಡನೆಯ ವರ್ಷ ಏಳೂವರೆ, ಮೂರನೆಯ ವರ್ಷ ಮೂರೂವರೆ ಲಕ್ಷದ ಆಸುಪಾಸು. ಒಟ್ಟು 23 ಲಕ್ಷದೊಳಗೆ. ಷೇರಿನ ಬೆಲೆ ಬದಲಾಗುವುದಿಲ್ಲ, ಎರಡೂ ಕಡೆ ಸಂಬಳ ಏರುವುದಿಲ್ಲ, ಹೊಸ ಗ್ರಾಂಟ್ ಬರುವುದಿಲ್ಲ ಎಂದಿಟ್ಟುಕೊಂಡು ಹಾಕಿದ ಲೆಕ್ಕ ಇದು; ಹೊಸ ಗ್ರಾಂಟ್ ಬಂದರೆ ವ್ಯತ್ಯಾಸ ಹೆಚ್ಚುತ್ತದೆ.

23 ಲಕ್ಷ ಸಣ್ಣ ಮೊತ್ತ ಎನ್ನುತ್ತಿಲ್ಲ. ಆದರೆ 48 ಎಂದು ಹೆದರಿ ಕೂರುವುದು ಬೇರೆ, ಮೂರು ವರ್ಷಕ್ಕೆ 23 ಎಂದು ತಿಳಿದು ಯೋಚಿಸುವುದು ಬೇರೆ.

ಲೆಕ್ಕ ಬಿಡಿಸುವಾಗ ಇನ್ನೆರಡು ವಿಷಯ ಹೊರಬಿದ್ದವು. ವೆಸ್ಟ್ ಆದ ಷೇರುಗಳನ್ನು ಸಹನಾ ಮಾರಿಯೇ ಇರಲಿಲ್ಲ. ಸಂಬಳ ಯಾವ ಕಂಪನಿಯದೋ ಉಳಿತಾಯದ ದೊಡ್ಡ ಪಾಲೂ ಅದೇ ಕಂಪನಿಯ ಮೇಲೆ ನಿಂತಿತ್ತು. ಊರಿಗೆ ಹೋದಾಗ ಅಪ್ಪನಿಗೆ ಹೇಳಿದರೆ ಅವರಿಗೆ ತಕ್ಷಣ ಅರ್ಥವಾಯಿತಂತೆ: “ಅಡ್ಕೆ ರೇಟ್ ಬರ್ಲಿ ಅಂತ ನಾನೂ ಕಾದಿದೀನಿ ಮಗಾ. ಆದ್ರೆ ವರ್ಷದ ಖರ್ಚಿಗಾಗೋಷ್ಟು ಮಾರ್ಕೊಂಡು ಆಮೇಲೆ ಕಾಯ್ತಿದ್ದೆ.” ವೆಸ್ಟ್ ಆದ ದಿನದ ಬೆಲೆಗೆ ತೆರಿಗೆ ಆಗಲೇ ಕಟ್ಟಿರುತ್ತದೆ, ಅಂದೇ ಮಾರಿದರೆ ಬಂಡವಾಳ ಲಾಭವೆಂದು ಮತ್ತೆ ಕಟ್ಟಬೇಕಾದದ್ದು ಹೆಚ್ಚೇನೂ ಇರುವುದಿಲ್ಲ. ಎರಡನೆಯದು ಇನ್ನೂ ಗಂಭೀರ. ವಿದೇಶಿ ಷೇರು ಇಟ್ಟುಕೊಂಡ ನಿವಾಸಿಗಳು ಆದಾಯ ತೆರಿಗೆ ರಿಟರ್ನ್‌ನ ವಿದೇಶಿ ಆಸ್ತಿಗಳ ಪಟ್ಟಿಯಾದ ಶೆಡ್ಯೂಲ್ ಎಫ್‌ಎಯಲ್ಲಿ ಅದನ್ನು ತೋರಿಸಲೇಬೇಕು. ತೋರಿಸದಿದ್ದರೆ 2015ರ ಕಪ್ಪುಹಣ ಕಾನೂನಿನಡಿ 10 ಲಕ್ಷ ದಂಡ ವಿಧಿಸಬಹುದು. 2024ರ ಅಕ್ಟೋಬರ್‌ನಿಂದ ಸ್ಥಿರಾಸ್ತಿ ಹೊರತಾದ ಆಸ್ತಿಗಳಿಗೆ ಒಟ್ಟು 20 ಲಕ್ಷದವರೆಗೆ ವಿನಾಯಿತಿ ಇದೆ. ಇವರು ಅದನ್ನು ದಾಟಿದ್ದರು, ಒಂದು ವರ್ಷ ತುಂಬಿಸಿರಲಿಲ್ಲ. ಆಡಿಟರ್ ಹತ್ತಿರ ಓಡಬೇಕಾಯಿತು. ಅಲ್ಲಿ ತಿಳಿದುಬಂದ ಮತ್ತೊಂದು ಸಂಗತಿ: ಅಮೆರಿಕದ ಷೇರುಗಳು 60,000 ಡಾಲರ್ ದಾಟಿರುವಾಗ ಅಲ್ಲಿನವರಲ್ಲದ ಮಾಲೀಕರು ತೀರಿಕೊಂಡರೆ, ಅಲ್ಲಿನ ಎಸ್ಟೇಟ್ ತೆರಿಗೆ ವಾರಸುದಾರರ ಮೇಲೆ ಬೀಳುತ್ತದೆ. ಈ ತೆರಿಗೆಗೆ ಭಾರತ-ಅಮೆರಿಕ ನಡುವೆ ಒಪ್ಪಂದವಿಲ್ಲ. ಹತ್ತು ವರ್ಷದ ಅನುಭವದವರಿಗೂ ಇದನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ.

ಸ್ಟಾರ್ಟಪ್‌ನ ಸ್ಟಾಕ್ ಆಪ್ಷನ್ (ನಗದಿನ ಜೊತೆಗೆ ಕೊಡುತ್ತಿದ್ದ, ಮೊದಲೇ ನಿಗದಿಯಾದ ಬೆಲೆಗೆ ಷೇರು ಕೊಳ್ಳುವ ಹಕ್ಕು) ಕಡೆಗೂ ಅಷ್ಟೇ ಕಟ್ಟುನಿಟ್ಟಾಗಿ ನೋಡಿದರು. ಆಪ್ಷನ್ ಬಳಸಿ ಷೇರು ಪಡೆದ ದಿನ, ಅದನ್ನು ಮಾರಲು ಮಾರುಕಟ್ಟೆಯೇ ಇಲ್ಲದಿದ್ದರೂ, ಕಾಗದದ ಮೇಲಿನ ಲಾಭಕ್ಕೆ ತೆರಿಗೆ ಬೀಳುತ್ತದೆ. ಆ ತೆರಿಗೆ ಮುಂದೂಡುವ ಸೌಲಭ್ಯವಿರುವುದು ನಿರ್ದಿಷ್ಟ ಮಾನ್ಯತೆ ಪಡೆದ ಸ್ಟಾರ್ಟಪ್‌ಗಳಿಗೆ ಮಾತ್ರ. ಇದು ಆ ಪಟ್ಟಿಯಲ್ಲಿರಲಿಲ್ಲ. ಕೆಲಸ ಬಿಟ್ಟರೆ 90 ದಿನದೊಳಗೆ ಬಳಸಬೇಕು, ಇಲ್ಲದಿದ್ದರೆ ಆಪ್ಷನ್ ರದ್ದು. ಕೈಯಲ್ಲಿರುವ ಹಣ ಎಷ್ಟು ತಿಂಗಳಿಗೆ ಸಾಕು ಎಂದು ಕೇಳಿದಾಗ ಸ್ಥಾಪಕರು ಸುತ್ತಿ ಬಳಸಿ ಮಾತಾಡದೆ ‘ಹದಿನಾಲ್ಕು’ ಎಂದರು. ನನಗೆ ಆ ಮನುಷ್ಯನ ಮೇಲೆ ಗೌರವ ಬಂದದ್ದು ಆಗಲೇ.

ಮೂರನೆಯ ದಾರಿ

ಅಲ್ಲಿಯವರೆಗೆ ಪ್ರಶ್ನೆ ಇದ್ದದ್ದು ದೊಡ್ಡದೋ ಸಣ್ಣದೋ ಎಂದು. ಅದನ್ನು ಬದಲಿಸಿದವಳು ಊಟದ ಮೇಜಿನ ಗೆಳತಿ. “ನಿಂಗೆ ಕಂಪನಿ ಬೇಜಾರಾ, ಟೀಮ್ ಬೇಜಾರಾ? ಮೊದಲು ಅದನ್ನ ಹೇಳು ಮಾರಾಯ್ತಿ” ಎಂದಳು. ಸಹನಾ ತಮ್ಮ ದೂರುಗಳನ್ನೆಲ್ಲ ಬರೆದು ನೋಡಿದರು. ರಾತ್ರಿ ಮೀಟಿಂಗ್, ಸ್ಕೋಪ್, ಇನ್ನಾರೋ ಕಟ್ಟಿದ್ದನ್ನು ಕಾಯುವ ಕೆಲಸ: ಎಲ್ಲವೂ ತಂಡದವು. ವಿಮೆ, ರಜೆ, ಕೋಡ್ ರಿವ್ಯೂ, ಓದಲು ಸಿಗುವ ದಾಖಲೆಗಳು: ಇವು ಕಂಪನಿಯವು, ಇವುಗಳ ಮೇಲೆ ದೂರಿರಲಿಲ್ಲ.

ಆಗ ನೆನಪಾದದ್ದು ಆ ಕ್ಯೂ ಸರ್ವಿಸ್. ಅದನ್ನು ನಡೆಸುವ ತಂಡ ಯಾವುದು ಎಂದು ಹುಡುಕಿದರೆ ಅರ್ಧ ತಂಡ ಬೆಂಗಳೂರಿನಲ್ಲೇ, ಅದೇ ಕ್ಯಾಂಪಸ್ಸಿನ ಪಕ್ಕದ ಕಟ್ಟಡದಲ್ಲಿತ್ತು. ಡೈರೆಕ್ಟರ್ ಕೂಡ ಇಲ್ಲೇ. ಒಂದು ಜಾಗ ಖಾಲಿ ಇತ್ತು.

ಅರ್ಜಿ ಹಾಕುವ ಮೊದಲು ಸಹನಾ ಮಾಡಿದ ಕೆಲಸವನ್ನು ನಾನು ಈಗ ಎಲ್ಲರಿಗೂ ಹೇಳುತ್ತೇನೆ. ದೊಡ್ಡ ಕಂಪನಿಯ ಒಳಗೆ ಬೇರೆ ತಂಡಗಳ ಬಹುಪಾಲು ದಾಖಲೆಗಳು ತೆರೆದೇ ಇರುತ್ತವೆ. ಸ್ಟಾರ್ಟಪ್‌ಗೆ ಹೋಗುವವರು ಸ್ಥಾಪಕರ ಮಾತು ನಂಬಬೇಕು, ಇಲ್ಲಿ ನಂಬಬೇಕಾಗಿಲ್ಲ, ಓದಬಹುದು. ಆ ತಂಡದ ಹಿಂದಿನ ಒಂದು ವರ್ಷದ ಡಿಸೈನ್ ಡಾಕ್‌ಗಳನ್ನು ತೆಗೆದು ಬರೆದವರು ಯಾರು, ಒಪ್ಪಿಗೆ ಕೊಟ್ಟವರು ಯಾರು, ಅವರು ಯಾವ ಊರಿನಲ್ಲಿ ಕೂತವರು ಎಂದು ಪಟ್ಟಿ ಮಾಡಿದರು. ಮೂರರಲ್ಲಿ ಎರಡು ಭಾಗ ಬೆಂಗಳೂರಿನಲ್ಲೇ ಹುಟ್ಟಿ ಇಲ್ಲೇ ಒಪ್ಪಿಗೆಯಾಗಿದ್ದವು. ಪೇಜರ್ (ಆನ್-ಕಾಲ್ ಕರೆಗಳ) ದಾಖಲೆ ತೆಗೆದು ವಾರಕ್ಕೆ ಎಷ್ಟು ಸಲ, ಯಾವ ಹೊತ್ತಿನಲ್ಲಿ ಕರೆ ಬಂದಿದೆ ನೋಡಿದರು. ಹಳೆಯ ತಂಡಕ್ಕಿಂತ ಜಾಸ್ತಿಯೇ ಇತ್ತು. ಆ ತಂಡ ಬಿಟ್ಟುಹೋದ ಇಬ್ಬರನ್ನು ಹುಡುಕಿ ಕಾಫಿಗೆ ಕರೆದು ಕಾರಣ ಕೇಳಿದರು. ಒಬ್ಬರು ಆನ್-ಕಾಲ್ ತಡೆಯಲಾಗಲಿಲ್ಲ ಎಂದರು, ಇನ್ನೊಬ್ಬರು ಪ್ರಮೋಷನ್ ಆಗಿ ಹೋದವರು.

ಬೆಲೆಯೂ ಇತ್ತು. ಹಳೆಯ ಮ್ಯಾನೇಜರ್ ಮುಂದಿನ ಸುತ್ತಿನಲ್ಲಿ ಮತ್ತೆ ಕಡತ ಕಳಿಸುವುದಾಗಿ, ಈ ಸಲ ಆಗುವ ಸಾಧ್ಯತೆ ಚೆನ್ನಾಗಿದೆ ಎಂದು ಹೇಳಿದ್ದರು. ತಂಡ ಬದಲಿಸಿದರೆ ಆ ಲೆಕ್ಕ ಮತ್ತೆ ಮೊದಲಿನಿಂದ. ಹೊಸ ಮ್ಯಾನೇಜರ್‌ಗೆ ಪರ ವಾದಿಸಲು ಒಂದು ವರ್ಷದ ಕೆಲಸವಾದರೂ ಬೇಕು. ಸಂಬಳದಲ್ಲಿ ಒಂದು ರೂಪಾಯಿಯೂ ಹೆಚ್ಚುವುದಿಲ್ಲ. ‘ಆಗುವ ಸಾಧ್ಯತೆ’ ಎಂಬ ಮಾತಿಗೆ ಎಷ್ಟು ಬೆಲೆ ಕೊಡಬೇಕು ಎಂಬುದೇ ಕೊನೆಯ ತೊಡಕಾಗಿ ಉಳಿಯಿತು. ಎರಡು ವಾರ ಯೋಚಿಸಿ ಸ್ಟಾರ್ಟಪ್‌ಗೆ ಇಲ್ಲ ಎಂದರು, ತಂಡ ಬದಲಾವಣೆಗೆ ಅರ್ಜಿ ಹಾಕಿದರು. 2025ರ ಸೆಪ್ಟೆಂಬರ್‌ನಲ್ಲಿ ಹೊಸ ತಂಡ ಸೇರಿದರು.

ಆದದ್ದು

ಎಂಟು ತಿಂಗಳಾಗಿದೆ. ರಾತ್ರಿ ಮೀಟಿಂಗ್ ವಾರಕ್ಕೆ ಒಂದಕ್ಕೆ ಇಳಿದಿದೆ, ಅದನ್ನೂ ಎರಡು ವಾರಕ್ಕೊಮ್ಮೆ ಅಮೆರಿಕದವರೇ ತಮ್ಮ ರಾತ್ರಿಗೆ ತೆಗೆದುಕೊಳ್ಳುತ್ತಾರೆ. ಹಾಗೆ ಮಾಡಿಸಿದವರು ಬೆಂಗಳೂರಿನ ಡೈರೆಕ್ಟರ್. ಅಧಿಕಾರ ಇಲ್ಲಿದ್ದರೆ ಗಡಿಯಾರವೂ ಅಷ್ಟಿಷ್ಟು ಇತ್ತ ವಾಲುತ್ತದೆ.

ಆನ್-ಕಾಲ್ ಮಾತ್ರ ಹೆದರಿದ್ದಕ್ಕಿಂತ ಕಷ್ಟವಾಯಿತು. ಮೂರನೆಯ ತಿಂಗಳಲ್ಲಿ ಒಂದು ರಾತ್ರಿ ಎರಡು ಗಂಟೆಗೆ ಕ್ಯೂನಲ್ಲಿ ಸಂದೇಶಗಳು ರಾಶಿ ಬೀಳತೊಡಗಿದವು. ಓದುವ ಸರ್ವರ್‌ಗಳು ಸಂದೇಶ ತೆಗೆದುಕೊಂಡು, ಮುಗಿಸುವ ಮೊದಲೇ ಟೈಮೌಟ್ ಆಗಿ (ಕೊಟ್ಟ ಅವಧಿ ಮೀರಿ), ಅದೇ ಸಂದೇಶ ಮತ್ತೆ ಕ್ಯೂಗೆ ಬಂದು ಬೀಳುತ್ತಿತ್ತು. ಸರ್ವರ್ ಹೆಚ್ಚಿಸಿದರೆ ಡೇಟಾಬೇಸ್ ಮೇಲೆ ಭಾರ ಹೆಚ್ಚಾಗಿ ಇನ್ನಷ್ಟು ಟೈಮೌಟ್. ಸಂಜೆ ಹೊರಟಿದ್ದ ಬದಲಾವಣೆಯೊಂದು ಟೈಮೌಟ್ ಅವಧಿಯನ್ನು ತಗ್ಗಿಸಿದ್ದನ್ನು ಪತ್ತೆಹಚ್ಚಿ ಅದನ್ನು ಹಿಂದಕ್ಕೆ ತೆಗೆದು, ಕ್ಯೂ ಖಾಲಿಯಾಗುವವರೆಗೆ ಕಾದು ಕೂತಾಗ ಬೆಳಗಾಗಿತ್ತು. ಹಳೆಯ ತಂಡದಲ್ಲಿ ಇಂಥ ರಾತ್ರಿ ಬಂದಿರಲಿಲ್ಲ. ಮಗುವಿಗೆ ಜ್ವರವಿದ್ದ ವಾರದಲ್ಲೇ ಇದು ನಡೆಯಿತು, ಮನೆಯಲ್ಲಿ ಮಾತುಕತೆ ಬಿಸಿಯಾಯಿತು, ‘ಇದಕ್ಕಾ ಬದಲಾಯಿಸಿದ್ದು?’ ಎಂಬ ಪ್ರಶ್ನೆಯೂ ಬಂತು. ಆ ಘಟನೆಯ ಪೋಸ್ಟ್‌ಮಾರ್ಟಮ್ ಬರೆದದ್ದು ಸಹನಾ. ಮುಂದೆ ಹೀಗಾಗದಂತೆ ಮರುಪ್ರಯತ್ನಗಳ ನಡುವಿನ ಅಂತರ ತಾನಾಗಿ ಹಿಗ್ಗುವಂತೆ ಮಾಡುವ ಡಿಸೈನ್ ಡಾಕ್ ಕೂಡ ಅವರದೇ. ಅದಕ್ಕೆ ಒಪ್ಪಿಗೆ ಸಿಕ್ಕಿದ್ದು ಬೆಂಗಳೂರಿನ ಮೀಟಿಂಗ್ ರೂಮಿನಲ್ಲಿ, ಮಧ್ಯಾಹ್ನ ಮೂರಕ್ಕೆ.

ಓಡಾಟ ಬದಲಾಗಲಿಲ್ಲ. ವಾರಕ್ಕೆ ಮೂರು ದಿನ ಕಚೇರಿ ಕಡ್ಡಾಯ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ತೆರೆದ ಮೇಲೆ ಕೋಣನಕುಂಟೆ ಕ್ರಾಸ್‌ನಿಂದ ಆರ್‌ವಿ ರಸ್ತೆ, ಅಲ್ಲಿಂದ ಸಿಲ್ಕ್ ಬೋರ್ಡ್‌ವರೆಗೆ ಮೆಟ್ರೋ ಸಿಕ್ಕಿತು. ಶುರುವಿನಲ್ಲಿ 25 ನಿಮಿಷಕ್ಕೊಂದು ರೈಲು. ಸಿಲ್ಕ್ ಬೋರ್ಡ್‌ನಿಂದ ಬೆಳ್ಳಂದೂರಿಗೆ 500ಡಿ ಬಸ್ಸೇ ಗತಿ. ತಂಡ ಬದಲಿಸಿದರೆ ಔಟರ್ ರಿಂಗ್ ರಸ್ತೆ ಬದಲಾಗುವುದಿಲ್ಲವಲ್ಲ.

ಆ ಸ್ಟಾರ್ಟಪ್ ಮುಳುಗಲಿಲ್ಲ. ಹದಿನಾಲ್ಕು ತಿಂಗಳು ಮುಗಿಯುವ ಮೊದಲೇ ಹೊಸ ಬಂಡವಾಳ ಎತ್ತಿತು. ಸೇರಿದ್ದರೆ ಸಹನಾ ಅವರ ಆಪ್ಷನ್‌ಗಳ ಬೆಲೆ ಕಾಗದದ ಮೇಲೆ ದುಪ್ಪಟ್ಟಾಗಿರುತ್ತಿತ್ತು. ಅವರು ಸರಿಯಾದುದನ್ನೇ ಆರಿಸಿದರು ಎಂದು ಸಾಧಿಸಲು ನಾನು ಈ ಪ್ರಕರಣ ಬರೆಯುತ್ತಿಲ್ಲ.

ಇದರಿಂದ ಏನು ತಿಳಿಯಬಹುದು

ಹಳೆಯ ತಂಡದಲ್ಲೇ ಉಳಿದ ಸಹೋದ್ಯೋಗಿಯೊಬ್ಬರ ವಿಷಯವನ್ನು ಪಕ್ಕದಲ್ಲಿಟ್ಟರೆ ಪಾಠ ಸ್ಪಷ್ಟವಾಗುತ್ತದೆ. ಅವರ ತಾಯಿಗೆ ವಾರಕ್ಕೆ ಮೂರು ದಿನ ಡಯಾಲಿಸಿಸ್. ಹಗಲು ಹೊತ್ತು ಬಿಡುವು ಸಿಗುವ, ಅಪರೂಪಕ್ಕೆ ಪೇಜರ್ ಬಡಿಯುವ, ವಿಮೆ ಗಟ್ಟಿಯಿರುವ ಕೆಲಸವೇ ಅವರಿಗೆ ಬೇಕಿತ್ತು. ರಾತ್ರಿ ಮೀಟಿಂಗ್ ಅವರಿಗೆ ತೊಂದರೆಯಲ್ಲ, ಅನುಕೂಲ. ಸಹನಾ ಬಿಟ್ಟು ಬಂದ ಜಾಗದಲ್ಲಿ ಅವರು ನೆಮ್ಮದಿಯಾಗಿದ್ದಾರೆ. ಸಹನಾ ಅವರಿಗೆ ಸಿಗದ ಪ್ರಮೋಷನ್ ಮುಂದಿನ ಸುತ್ತಿನಲ್ಲಿ ಅವರಿಗೆ ಸಿಕ್ಕಿತು. ಒಂದೇ ಕಂಪನಿ, ಒಂದೇ ತಂಡ, ಒಂದೇ ಹುದ್ದೆ. ಒಬ್ಬರಿಗೆ ಕೊರತೆಯಾದದ್ದು ಇನ್ನೊಬ್ಬರಿಗೆ ಆಸರೆ.

ಹಾಗಾಗಿ ‘ದೊಡ್ಡ ಕಂಪನಿ ಒಳ್ಳೆಯದಾ?’ ಎಂದು ಕೇಳಿದವರಿಗೆ ನಾನು ತಂಡದ ಹೆಸರು ಕೇಳುತ್ತೇನೆ. ಆಮೇಲೆ, ನಿಮ್ಮ ಕೆಲಸಕ್ಕೆ ಹೂಂ ಅಥವಾ ಉಹುಂ ಎನ್ನುವವರು ಯಾವ ಊರಿನಲ್ಲಿ ಕೂರುತ್ತಾರೆ ಎಂದು. ಬಹುಪಾಲು ಜನ ಸಂಬಳದ ವಿವರವನ್ನು ಪೈಸೆ ಸಮೇತ ಹೇಳುತ್ತಾರೆ, ಇದಕ್ಕೆ ತಡವರಿಸುತ್ತಾರೆ. ಹೊರಗಿನಿಂದ ಆಫರ್ ಹಿಡಿದು ಬಂದವರಿಗೆ ಇದನ್ನು ಪತ್ತೆ ಮಾಡುವುದು ಕಷ್ಟ, ಆದರೆ ಅಸಾಧ್ಯವಲ್ಲ: ಕೊನೆಯ ಸುತ್ತಿನಲ್ಲಿ ಮ್ಯಾನೇಜರ್ ಸಿಕ್ಕಾಗ ‘ಇಲ್ಲಿನ ತಂಡವೇ ಮೊದಲು ಸೂಚಿಸಿ ಕಟ್ಟಿದ್ದು ಯಾವುದು?’ ಎಂದು ಕೇಳಬಹುದು. ಉತ್ತರದಲ್ಲಿ ಹೆಸರು ಬರುತ್ತದೋ, ಬರೀ ವಿಶೇಷಣಗಳು ಬರುತ್ತವೋ ನೋಡಬೇಕು. ಒಳಗೇ ಇರುವವರಿಗಂತೂ ನೆಪವಿಲ್ಲ, ದಾಖಲೆಗಳು ಎದುರಿಗೇ ಇವೆ.

ವೆಸ್ಟ್ ಆಗದ ಷೇರಿನ ಅಂಕಿಯ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಖಾರವಾಗಿದೆ. ಆ ಅಂಕಿ ಸುಳ್ಳಲ್ಲ, ಆದರೆ ಅದನ್ನು ತೋರಿಸುವ ರೀತಿ ಜನರನ್ನು ಕೂತಲ್ಲೇ ಕೂರಿಸಲೆಂದೇ ಇದೆ. ವರ್ಷವಾರು ಬಿಡಿಸಿ, ತೆರಿಗೆ ಕಳೆದು, ಬಿಟ್ಟುಹೋದರೆ ಸಿಗುವುದರ ಎದುರಿಗೆ ಇಟ್ಟ ಮೇಲೆ ಉಳಿಯುವ ಮೊತ್ತವೇ ಆ ಕುರ್ಚಿಯ ಬಾಡಿಗೆ. ಸಹನಾ ಕೊನೆಗೆ ಕಂಪನಿ ಬಿಡಲಿಲ್ಲ ನಿಜ. ಆದರೆ 48 ಲಕ್ಷಕ್ಕೆ ಹೆದರಿ ಉಳಿದವರಲ್ಲ ಅವರು.

ಇಂಟರ್‌ವ್ಯೂ ವಿಷಯದಲ್ಲೂ ಅವರ ಅಭ್ಯಾಸ ಬದಲಾಗಿದೆ. ಕೆಲಸ ಬೇಕಿಲ್ಲದಿದ್ದರೂ ವರ್ಷಕ್ಕೊಮ್ಮೆ ಹೊರಗೆ ಹೋಗಿ ಕೂತು ಬರುತ್ತಾರೆ. ಒಳಗಿನ ಸಲಕರಣೆಯ ಹೆಸರು ಹೇಳದೆ ತಮ್ಮ ಕೆಲಸವನ್ನು ವಿವರಿಸಲು ಬರುತ್ತದೆಯೇ ಎಂದು ನೋಡಿಕೊಳ್ಳಲು. ಗುಂಪಿನ ಕಿರಿಯರಿಗೆ ಅವರು ಕೊಡುವ ಅಭ್ಯಾಸವೂ ಅದೇ: ನಿಮ್ಮ ಕಂಪನಿಯ ಒಂದು ಒಳಗಿನ ಸೇವೆ ನಾಳೆ ಇಲ್ಲವಾದರೆ ಅದರ ಜಾಗದಲ್ಲಿ ಏನು ಕಟ್ಟುತ್ತೀರಿ, ಎರಡು ಪುಟದಲ್ಲಿ ಬರೆದು ತನ್ನಿ.

ಬರುವ ಸುತ್ತಿಗೆ ಅವರ ಪ್ರಮೋಷನ್ ಕಡತ ಮತ್ತೆ ಹೋಗುತ್ತಿದೆ. ಈ ಸಲ ಅದರಲ್ಲಿ ಎರಡು ಡಿಸೈನ್ ಡಾಕ್‌ಗಳು ಅವರ ಹೆಸರಿನಲ್ಲೇ ಇವೆ. ಪೀರ್ ಫೀಡ್‌ಬ್ಯಾಕ್ (ಜೊತೆಗೆ ಕೆಲಸ ಮಾಡಿದವರ ಅಭಿಪ್ರಾಯ) ಕೊಡಲು ಒಪ್ಪಿದವರಲ್ಲಿ ಹಳೆಯ ಮ್ಯಾನೇಜರ್ ಕೂಡ ಒಬ್ಬರು.